ಒದ್ದೆ ಕುದುರೆಗಳ ಸುತ್ತೋಲೆ

"ಈ ಮೂಲಕ ಶಿಬಿರದ ಎರಡು ಕಾಲಿನ ಹಾಗೂ ನಾಲ್ಕು ಕಾಲಿನ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಮುಂದಿನ ಆದೇಶದವರೆಗೆ ಯಾವುದೇ ಕುದುರೆಯು ಮುಖ್ಯಸ್ಥರಿಂದ ಹತ್ತು ಹೆಜ್ಜೆಯೊಳಗೆ ನಿಂತು ಮೈ ಕೊಡವತಕ್ಕದ್ದಲ್ಲ. ತಪ್ಪಿದಲ್ಲಿ ಸಂಬಂಧಪಟ್ಟ ಕುದುರೆಯಿಂದ ವಿವರಣೆ ಕೇಳಲಾಗುವುದು."

ಸುತ್ತೋಲೆ ಸಂಖ್ಯೆ ನಲವತ್ತೇಳು. ಗುಮಾಸ್ತ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು, ಸುರಿಯುವ ಮಳೆಯಲ್ಲಿ ಸಾಲಾಗಿ ನಿಂತ ಆರು ಕುದುರೆಗಳ ಮುಂದೆ ಇದನ್ನು ಗಟ್ಟಿಯಾಗಿ ಓದಿದ. ಓದಿ ಮುಗಿಸಿದ ಕೂಡಲೇ ಆರರಲ್ಲಿ ಮೂರು ಮೈ ಕೊಡವಿದವು. ಮುಖ್ಯಸ್ಥರು ಅಲ್ಲಿರಲಿಲ್ಲವಾದ್ದರಿಂದ ಅದು ಅಪರಾಧವಾಗಲಿಲ್ಲ. ಗುಮಾಸ್ತ ಮಾತ್ರ ಕುತ್ತಿಗೆಯಿಂದ ಕಾಲುಚೀಲದವರೆಗೆ ನೆನೆದ.

"ಒಪ್ಪಿಗೆ ಅಂತೆ ಕಣೋ" ಎಂದಳು ಅವನ ಅಕ್ಕ, ಒಂದು ಕುದುರೆಯ ಗೊರಸಿಗೆ ಮೆತ್ತಿದ ಕೆಸರು ಕೆರೆಯುತ್ತ. "ಸಹಿ ಹಾಕಿಬಿಟ್ವು."

ಈ ಅಕ್ಕನೇ ಶಿಬಿರದ ಕುದುರೆ ನೋಡಿಕೊಳ್ಳುವವಳು. ಲಾಯದ ಕೆಲಸದವಳಾದ್ದರಿಂದ ಮೊದಲು ಎಲ್ಲರೂ ಲಾಯದಕ್ಕ ಎನ್ನುತ್ತಿದ್ದರು. ಅವಳ ಜೊತೆ ಎರಡು ಸಲ ವಾದ ಮಾಡಿ ಸೋತ ಮೇಲೆ ಅವರೇ ಅದನ್ನು ಲಾಯರಕ್ಕ ಎಂದು ತಿದ್ದಿಕೊಂಡರು. ಅವಳಿಗೂ ಬೇಸರವಿರಲಿಲ್ಲ. ಲಾಯವೇ ಇಲ್ಲದ ಜಾಗದಲ್ಲಿ ಲಾಯದಕ್ಕ ಅನ್ನಿಸಿಕೊಂಡು ಏನು ಭಾಗ್ಯ?

ಲಾಯ ಇರಲಿಲ್ಲ, ನಿಜ. ಇದು ನಕಾಶೆ ಬರೆಯುವವರ ಶಿಬಿರ. ಗಾಡಿಯ ಚಕ್ರ ಹತ್ತದ, ಒಂದು ಮರವೂ ಇಲ್ಲದ ಬೋಳು ಗುಡ್ಡದ ನೆತ್ತಿ. ಅಳತೆಯ ಉಪಕರಣಗಳನ್ನೂ ಡೇರೆಗಳನ್ನೂ ಅಕ್ಕಿ ಮೂಟೆಗಳನ್ನೂ ಈ ಆರು ಕುದುರೆಗಳೇ ಬೆನ್ನ ಮೇಲೆ ಹೊತ್ತು ತಂದಿದ್ದವು. ತಂದ ಡೇರೆಗಳೊಳಗೆ ಉಪಕರಣ ಹೋಯಿತು, ಅಕ್ಕಿ ಹೋಯಿತು, ಹನ್ನೊಂದು ಜನ ಹೋದರು. ತಂದವರು ಹೊರಗೆ ಉಳಿದರು. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಹಿಡಿದದ್ದನ್ನು ಬಿಡುವ ಲಕ್ಷಣ ಮಳೆಗೂ ಇರಲಿಲ್ಲ, ಮುಖ್ಯಸ್ಥರಿಗೂ ಇರಲಿಲ್ಲ.

ಮುಖ್ಯಸ್ಥರನ್ನು ಎದುರಿಗೆ ಸಾಹೇಬರು ಎಂದೂ, ಅವರು ಬೆನ್ನು ತಿರುಗಿಸಿದ ಮೇಲೆ ಸುತ್ತೋಲೆ ಸಾಹೇಬರು ಎಂದೂ ಕರೆಯುತ್ತಿದ್ದರು. ಬೇರೆಯವರಿಗೆ ಚಳಿಯಾದರೆ ಸೀನು ಬರುತ್ತದೆ, ಇವರಿಗೆ ಸುತ್ತೋಲೆ ಬರುತ್ತಿತ್ತು. ಮೂರನೆಯ ಸುತ್ತೋಲೆ: ಬಾಯಿಮಾತಿನ ಆದೇಶ ಆದೇಶವಲ್ಲ, ಎಲ್ಲವೂ ಕಾಗದದ ಮೇಲಿರತಕ್ಕದ್ದು. ಹನ್ನೆರಡನೆಯದು: ಹೊರಟ ಸುತ್ತೋಲೆಯನ್ನು ಏಳು ದಿನ ಯಾರೂ ತಿದ್ದತಕ್ಕದ್ದಲ್ಲ, ಅದೇ ವಿಷಯಕ್ಕೆ ಇನ್ನೊಂದನ್ನು ಹೊರಡಿಸತಕ್ಕದ್ದಲ್ಲ, ಸ್ವತಃ ಮುಖ್ಯಸ್ಥರೂ ಸಹ. ಈ 'ಸ್ವತಃ ಮುಖ್ಯಸ್ಥರೂ ಸಹ' ಎಂಬ ಮಾತನ್ನು ಬರೆದ ದಿನ ಅವರು ತಮ್ಮ ನಿಷ್ಪಕ್ಷಪಾತಕ್ಕೆ ತಾವೇ ಮೆಚ್ಚಿ ಎರಡು ಲೋಟ ಟೀ ಕುಡಿದಿದ್ದರು. ಮೂವತ್ತೊಂದನೆಯದು: ಕುದುರೆಗಳನ್ನು ನೇರ ಸಾಲಿನಲ್ಲಿ, ಸಮಾನ ಅಂತರದಲ್ಲಿ ಕಟ್ಟತಕ್ಕದ್ದು.

ಈ ಮೂವತ್ತೊಂದರಿಂದಲೇ ತೊಂದರೆ ಶುರುವಾದದ್ದು. ಲಾಯರಕ್ಕ ಮೊದಲು ಕುದುರೆಗಳನ್ನು ಕಟ್ಟಿದ್ದು ದೊಡ್ಡ ಬಂಡೆಯ ಮರೆಯಲ್ಲಿ, ನೀರು ನಿಲ್ಲದ ದಿಬ್ಬದ ಮೇಲೆ. ಗಾಳಿಗೆ ಬೆನ್ನು ಕೊಟ್ಟು, ಒಂದಕ್ಕೊಂದು ಒರಗಿ, ಅವು ಹಾಯಾಗಿದ್ದವು. ಆದರೆ ದಿಬ್ಬದ ಮೇಲೆ ಸಾಲು ಸೊಟ್ಟಗೆ ಬಂತು. ಸಾಹೇಬರು ನಕಾಶೆಯಲ್ಲೂ ಸೊಟ್ಟ ಗೆರೆ ಸಹಿಸುವುದಿಲ್ಲ. ಹಾಗಾಗಿ ಗೆರೆ ಎಳೆದಂತೆ ಸಮತಟ್ಟಾದ ತಗ್ಗಿಗೆ ಕುದುರೆಗಳು ಇಳಿದವು. ಅವುಗಳ ಹಿಂದೆಯೇ ಗುಡ್ಡದ ನೀರೂ ಇಳಿಯಿತು.

ಲಾಯರಕ್ಕ ಕೈಕಟ್ಟಿ ಕೂರಲಿಲ್ಲ. ಸಾಲಿನ ಮೇಲ್ಗಡೆ ಗುದ್ದಲಿ ಹಿಡಿದು ಕಾಲುವೆ ತೋಡಿದಳು. ಮೂರು ಹೊತ್ತೂ ಗೊರಸಿನ ಕೆಸರು ತೆಗೆದಳು. ಒಣಹುಲ್ಲನ್ನು ಹಿಡಿಯಷ್ಟು ತಿರುಚಿ ಕಟ್ಟಿ ಬೆನ್ನು, ಹೊಟ್ಟೆ, ತೊಡೆ ಉಜ್ಜಿದಳು. ಹುಲ್ಲನ್ನು ಒಂದೇ ಸಲ ಹಾಕದೆ ಗಂಟೆಗಂಟೆಗೆ ಹಾಕಿದಳು. ಜಗಿಯುತ್ತಿರುವ ಕುದುರೆ ತನ್ನ ಒಲೆಯನ್ನು ತಾನೇ ಹೊತ್ತಿಸಿಕೊಂಡಿರುತ್ತದೆ, ಬಾಯಿ ನಿಂತರೆ ಮೈ ತಣ್ಣಗಾಗುತ್ತದೆ ಎಂಬುದು ಅವಳ ಇಪ್ಪತ್ತು ವರ್ಷದ ಲೆಕ್ಕ. ಅಡುಗೆ ಡೇರೆಯಿಂದ ಅವಳ ಭಾವ, ಎಂದರೆ ತೀರಿಕೊಂಡ ಅಕ್ಕನ ಗಂಡ, ಬಕೆಟ್ಟಿನಲ್ಲಿ ಬಿಸಿನೀರು ತಂದು ಕುಡಿಯುವ ನೀರಿಗೆ ಬೆರೆಸುತ್ತಿದ್ದ. ತಣ್ಣೀರಾದರೆ ಕುದುರೆಗಳು ಮೂತಿ ತಾಗಿಸಿ ಬಿಟ್ಟುಬಿಡುತ್ತಿದ್ದವು.

"ನಮ್ಮ ಟೀಗೆ ಇಲ್ಲದ ಮರ್ಯಾದೆ ಇವುಗಳ ನೀರಿಗೆ" ಎಂದು ಭಾವ ಗೊಣಗುತ್ತಿದ್ದ.

"ನಿಮ್ಮ ಟೀನ ಕುದುರೆಗೆ ಕೊಟ್ಟು ನೋಡಿ ಭಾವ, ಆಮೇಲೆ ಮರ್ಯಾದೆ ಮಾತು."

ಮೂರನೆಯ ದಿನ ಅವಳು ಆರೂ ಕುದುರೆಗಳ ಕಂಬಳಿ ತೆಗೆದುಹಾಕಿದಳು. ಸಾಹೇಬರು ಹೌಹಾರಿ ಓಡಿಬಂದರು. ಕುದುರೆಗಳಿಗೆ ಸದಾ ಕಂಬಳಿ ಹೊದಿಸಿರತಕ್ಕದ್ದು ಎಂದು ಅವರ ಮೂವತ್ತೊಂಬತ್ತನೆಯ ಸುತ್ತೋಲೆ ಹೇಳುತ್ತಿತ್ತು.

"ಹಿಂಡಿ ನೋಡಿ ಸಾಹೇಬ್ರೆ" ಎಂದು ಲಾಯರಕ್ಕ ಒಂದು ಕಂಬಳಿಯನ್ನು ಅವರ ಕೈಗೇ ಕೊಟ್ಟಳು. "ನೆನೆದ ಕಂಬಳಿ ಹೊದಿಸೋದೂ ಒಂದೇ, ಬಾವಿಗಿಳಿಸಿ ನಿಲ್ಲಿಸೋದೂ ಒಂದೇ. ಇದಕ್ಕಿಂತ ಅದರ ಕೂದಲೇ ವಾಸಿ."

"ನಿಯಮ ಅಂದ್ರೆ ನಿಯಮ ಕಣಮ್ಮ. ಬಾಲ ಬಿಚ್ಚಬೇಡ!"

"ಬಾಲ ನನಗೆಲ್ಲಿದೆ ಸಾಹೇಬ್ರೆ? ಇದ್ದೋರ ಬಾಲಾನೂ ನೆಂದು ಅಂಟಿಕೊಂಡಿದೆ."

ಸಾಹೇಬರು ಕಂಬಳಿ ಹಿಂಡಿ ನೋಡುತ್ತಿದ್ದಾಗಲೇ ಪಕ್ಕದಲ್ಲಿದ್ದ ಮುದಿ ಕುದುರೆ ಮೂತಿಯಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿತು. ಅವರ ಕಂಕುಳಲ್ಲಿದ್ದ ಹೊಸ ನಕಾಶೆಯಲ್ಲಿ ಮೂರು ಹೊಸ ಕೆರೆಗಳು ಹುಟ್ಟಿಕೊಂಡವು. ನಲವತ್ತೇಳು ಹುಟ್ಟಿದ್ದು ಹೀಗೆ.

ಆ ಮುದಿ ಕುದುರೆಯ ಹೆಸರು ಅಜ್ಜಿ. ಲಾಯರಕ್ಕ ಕೆಲಸಕ್ಕೆ ಸೇರಿದ ವಾರವೇ ಅಜ್ಜಿಯೂ ಸೇರಿದ್ದಳು. "ನಾವಿಬ್ಬರೂ ಒಂದೇ ಬ್ಯಾಚು" ಎಂದು ಲಾಯರಕ್ಕ ಹೇಳಿಕೊಳ್ಳುತ್ತಿದ್ದಳು. ಉಳಿದ ಐವರಲ್ಲಿ ಎಷ್ಟು ತಳ್ಳಿದರೂ ಮುಂದಕ್ಕೆ ಹೋಗದವನು ಕಡತ, ಗುಡುಗಿಗೆ ಹೆದರುವವನು ಗುಡುಗ, ಯಾವಾಗಲೂ ಜೊತೆಗಿರುವ ಇಬ್ಬರು ಜೋಡಿ, ಒಂದು ಸಲವೂ ಕೆನೆಯದವನು ಮೌನಿ.

ನಲವತ್ತೇಳನ್ನು ಓದಿಸಿಕೊಂಡ ಆ ಮಧ್ಯಾಹ್ನ ಅಜ್ಜಿ ಹುಲ್ಲಿಗೆ ಬಾಯಿ ಹಾಕಲಿಲ್ಲ. ಲಾಯರಕ್ಕ ಅದರ ಕಿವಿಯ ಬುಡ ಮುಟ್ಟಿ ನೋಡಿದಳು. ತಣ್ಣಗಿತ್ತು. ತೊಡೆಯ ಮಾಂಸ ಕಂಪಿಸುತ್ತಿತ್ತು. ಬಿಸಿನೀರನ್ನೂ ಮೂಸಿ ಬಿಟ್ಟಳು ಅಜ್ಜಿ. ಮುಂಗಾಲು ಮಡಿಸಿ ಕೆಸರಿನಲ್ಲೇ ಕೂರಲು ನೋಡಿದಳು. ಲಾಯರಕ್ಕ ಹೆಗಲು ಕೊಟ್ಟು ಎಬ್ಬಿಸಿದಳು. ಈ ವಯಸ್ಸಿನ ಕುದುರೆ ಈ ಕೆಸರಿನಲ್ಲಿ ಒಮ್ಮೆ ಮಲಗಿದರೆ ಮತ್ತೆ ಏಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತೋ ಏನೋ, ಅವಳ ಭುಜದ ಮೇಲೆ ಗದ್ದ ಊರಿ ನಿಂತಳು.

ಅಲ್ಲಿಂದ ನೋಡಿದರೆ ಶಿಬಿರದ ನಡುವೆ ಸಭಾ ಡೇರೆ ಕಾಣುತ್ತಿತ್ತು. ಶಿಬಿರದಲ್ಲೇ ದೊಡ್ಡದು, ಒಂದು ಹನಿ ಸೋರದ್ದು, ಎತ್ತರದ ದಿಬ್ಬದ ಮೇಲಿದ್ದದ್ದು. ಒಳಗೆ ಒಂದು ಮೇಜು, ಹನ್ನೆರಡು ಕುರ್ಚಿ, ನೆಲಕ್ಕೆ ಹಲಗೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಲಾಖೆಯ ನಿರ್ದೇಶಕರು ಬಂದು ಎರಡು ಗಂಟೆ ಕೂರಲಿಕ್ಕಾಗಿ ಅದು ಐದು ದಿನದಿಂದ ಖಾಲಿ ನಿಂತಿತ್ತು. ಒಂದೂ ತಿದ್ದುಪಡಿಯಿಲ್ಲದ ನಲವತ್ತೇಳು ಸುತ್ತೋಲೆಗಳ ಕಡತವನ್ನು ಆ ಮೇಜಿನ ಮೇಲಿಟ್ಟು, ತಮ್ಮದನ್ನು ಮಾದರಿ ಶಿಬಿರ ಎಂದು ಹೇಳಿಸಿಕೊಳ್ಳುವುದು ಸಾಹೇಬರ ಮಹಾ ಯೋಜನೆ.

ಲಾಯರಕ್ಕ ಕೆಸರುಗಾಲಲ್ಲೇ ಅವರ ಡೇರೆಗೆ ಹೋದಳು.

"ಸಾಹೇಬ್ರೆ, ಸಭಾ ಡೇರೆ ಬೇಕು. ಮಳೆ ನಿಲ್ಲೋವರೆಗೆ."

"ಯಾರಿಗೆ?"

"ಆರು ಜನಕ್ಕೆ."

"ಕುದುರೆಗಳು ಜನ ಅಲ್ಲ."

"ಜನ ಆಗಿದ್ರೆ ನಿಮ್ಮ ಸಾಮಾನು ಹೊತ್ತು ಇಲ್ಲೀವರೆಗೆ ಬರ್ತಿದ್ರಾ?"

ಸಾಹೇಬರ ಮೂಗಿನ ತುದಿ ಕೆಂಪಾಯಿತು. "ನೋಡಮ್ಮ, ಇನ್ನೊಂದು ಮಾತಾಡಿದ್ರೆ ನಿನ್ನ ಚಳಿ ಬಿಡಿಸ್ತೀನಿ!"

"ನನ್ನದಿರಲಿ, ಕುದುರೆಗಳ ಚಳಿ ಬಿಡಿಸಿ ಸಾಕು. ಅಜ್ಜಿ ಊಟ ಬಿಟ್ಟಿದೆ. ನಾಳೆವರೆಗೆ ನಿಲ್ಲಲ್ಲ ಅದು."

"ನಿಲ್ಲದಿದ್ರೆ ಪಟ್ಟಿಯಿಂದ ತೆಗೆಯೋಣ. ವಯಸ್ಸಾಗಿದೆ ಹೇಗೂ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಲಾಯರಕ್ಕನಿಗೆ ತಿರುಗಿ ಹೇಳಲು ಮಾತು ಸಿಗಲಿಲ್ಲ. ಕುದುರೆಯ ಮಾತು ಕುದುರಲಿಲ್ಲ. ಅವಳು ಹೊರಗೆ ಬಂದಳು. ಅವಳ ಮೌನದಿಂದ ಸಾಹೇಬರಿಗೆ ಮಾತಿಗಿಂತ ಹೆಚ್ಚು ದಿಗಿಲಾಯಿತು. ಕೂಡಲೇ ಗುಮಾಸ್ತನನ್ನು ಕರೆದು ನಲವತ್ತೆಂಟನ್ನು ಹೇಳಿ ಬರೆಸಿದರು. ಗುಮಾಸ್ತ ಮರಗಟ್ಟಿದ ಬೆರಳುಗಳಲ್ಲಿ ಟೈಪು ಮಾಡಿದ. ಸಾಹೇಬರ ಕನ್ನಡಕ ಟೀ ಹಬೆಗೆ ಮಂಜಾಗಿತ್ತು. ಹಾಗೆಯೇ ಸಹಿ ಹಾಕಿದರು, ಮೊಹರು ಒತ್ತಿದರು, ಸಭಾ ಡೇರೆಯ ಬಾಗಿಲ ಕಂಬಕ್ಕೆ ಅಂಟಿಸಿದರು.

ಶಿಬಿರದವರೆಲ್ಲ ಅದನ್ನು ಓದಿ, ಪಾಪ ಎಂದು ಅತ್ತ ಹೋದರು. ಅವರೆಲ್ಲ ಕಲಿತವರು. ಕಲಿತವರು ಅಲ್ಲಿ ಏನಿರಬೇಕೋ ಅದನ್ನು ಓದುತ್ತಾರೆ. ಲಾಯರಕ್ಕ ಓದು ಕಲಿತದ್ದು ಮೂವತ್ತು ದಾಟಿದ ಮೇಲೆ, ತಮ್ಮನ ಹತ್ತಿರ. ಅವಳು ಅಕ್ಷರಗಳನ್ನು ಗೊರಸಿನ ಹಾಗೆ ಒಂದೊಂದಾಗಿ ಎತ್ತಿ ನೋಡುತ್ತಾಳೆ. ಬೆರಳಿಟ್ಟು ಓದಿದಳು: 'ಒ-ದ್ದ ಕು-ದು-ರೆ-ಗ-ಳ-ನ್ನು ಯಾವುದೇ ಡೇರೆಯೊಳಗೆ ಬಿಡತಕ್ಕದ್ದಲ್ಲ.' ಮತ್ತೊಮ್ಮೆ ಓದಿದಳು. ಆಮೇಲೆ ಹೋಗಿ ಅಜ್ಜಿಯ ಹಗ್ಗ ಬಿಚ್ಚಿದಳು.

ಸಾಹೇಬರಿಗೆ ಸುದ್ದಿ ಮುಟ್ಟಿ ಅವರು ಕೊಡೆ ಬಿಚ್ಚಿಕೊಂಡು ಬರುವಷ್ಟರಲ್ಲಿ ಸಂಜೆಯ ಐದು ಗಂಟೆ. ಮೇಜು ಮೂಲೆ ಸೇರಿತ್ತು. ಹನ್ನೆರಡು ಕುರ್ಚಿ ಒಂದರ ಮೇಲೊಂದು ಕೂತು ತಾವೇ ಸಭೆ ನಡೆಸುತ್ತಿದ್ದವು. ಗಾಳಿ ಬಾರದ ಕಡೆಯ ಪರದೆಯನ್ನು ಲಾಯರಕ್ಕ ಉಸಿರಾಡಲೆಂದು ಮೇಲೆ ಕಟ್ಟಿದ್ದಳು. ಹಲಗೆಯ ಮೇಲೆ ಮೊಣಕಾಲೆತ್ತರ ಒಣಹುಲ್ಲು. ಆರು ಕುದುರೆಗಳ ಮೈಯಿಂದ ಹಬೆ ಏಳುತ್ತಿತ್ತು. ಅವಳೂ ಭಾವನೂ ಎರಡು ಕಡೆ ನಿಂತು ಅಜ್ಜಿಯನ್ನು ಉಜ್ಜುತ್ತಿದ್ದರು.

"ಸುತ್ತೋಲೆ ಓದಲಿಲ್ವೇನಮ್ಮ?"

"ಓದೇ ಬಂದೆ ಸಾಹೇಬ್ರೆ. ಒದ್ದ ಕುದುರೆಗಳನ್ನ ಬಿಡಬಾರದು ಅಂತಿದೆ. ನಮ್ಮದು ಯಾವುದೂ ಯಾರನ್ನೂ ಒದ್ದಿಲ್ಲ. ಒಳ್ಳೆ ಮನೆತನದವು."

"ಒದ್ದ ಅಲ್ಲ, ಒದ್ದೆ! ಒದ್ದೆ!"

"ನೀವು ಒದ್ರಾ? ಯಾರಿಗೆ?" ಎಂದ ಭಾವ, ಬಹಳ ಕಾಳಜಿಯಿಂದ.

ಸಾಹೇಬರು ಕಂಬದ ಹತ್ತಿರ ಓಡಿದರು. ಕನ್ನಡಕ ಒರೆಸಿ ನೋಡಿದರು. 'ದ್ದ' ತಲೆಯ ಮೇಲೆ ಎತ್ವವಿಲ್ಲದೆ ಬೋಳಾಗಿ ನಿಂತಿತ್ತು. ಕೆಳಗೆ ಅವರದೇ ಸಹಿ, ಅದರ ಮೇಲೆ ಅವರದೇ ಮೊಹರು.

"ಗುಮಾಸ್ತಾ! ಎತ್ವ ಎಲ್ಲಿ?"

"ಬೆರಳು ಮರಗಟ್ಟಿತ್ತು ಸಾರ್" ಎಂದ ಗುಮಾಸ್ತ. ಅಕ್ಕನ ಕಡೆ ನೋಡಲಿಲ್ಲ. ಅದು ಬೆರಳಿನ ಚಳಿಯೋ, ಕರುಳಿನ ಬಿಸಿಯೋ ಕೊನೆಗೂ ತಿಳಿಯಲಿಲ್ಲ.

"ತಿದ್ದು ಈಗಲೇ!"

"ಹನ್ನೆರಡು ಸಾರ್" ಎಂದ ಗುಮಾಸ್ತ ಮೆಲ್ಲಗೆ. "ಏಳು ದಿನ. ಸ್ವತಃ ಮುಖ್ಯಸ್ಥರೂ ಸಹ."

"ಹಾಗಾದ್ರೆ ನಾನು ಬಾಯಲ್ಲೇ ಹೇಳ್ತಿದ್ದೀನಿ, ಹೊರಗೆ ನಡೀರಿ!"

"ಮೂರು ಸಾರ್."

ಸಾಹೇಬರು ಕಡತ ತರಿಸಿ ನೋಡಿದರು. ತಾವು ಹೊರಡಿಸಿದ ಓಲೆಗಳೆಲ್ಲ ಸುತ್ತಿ ಸುತ್ತಿ ತಮ್ಮ ಕಾಲಿಗೇ ತೊಡರಿದ್ದವು. ಒಂದನ್ನು ಹರಿದರೂ ಸಾಕಿತ್ತು, ಬಿಡಿಸಿಕೊಳ್ಳಬಹುದಿತ್ತು. ಆದರೆ ಹರಿದ ಕಡತವನ್ನು ನಾಳೆ ನಿರ್ದೇಶಕರ ಮುಂದಿಡುವುದು ಹೇಗೆ? ತಿದ್ದುಪಡಿಯಿಲ್ಲದ ಕಡತ ಇರಬೇಕು, ಕುದುರೆಯಿಲ್ಲದ ಡೇರೆಯೂ ಇರಬೇಕು. ಹೊಟ್ಟೆ ಹಿಡಿದುಕೊಂಡವರಂತೆ ಕಡತ ಹಿಡಿದುಕೊಂಡು ಅವರು ತಮ್ಮ ಡೇರೆಗೆ ಹೋದರು.

ಬೆಳಿಗ್ಗೆ ಎದ್ದಾಗ ಅವರ ಮುಖದಲ್ಲಿ ಗೆಲುವಿತ್ತು. ಉಪಾಯ ಹೊಳೆದಿತ್ತು. ಸುತ್ತೋಲೆ ಬದಲಾಗದಿದ್ದರೆ ಕುದುರೆ ಬದಲಾಗಲಿ! ಒದ್ದ ಕುದುರೆಗೆ ಡೇರೆಯಿಲ್ಲ ತಾನೆ? ಸರಿ, ಒಂದು ಕುದುರೆ ಒದೆಯಲಿ. ಆರೂ ಒದೆಯಬೇಕಿಲ್ಲ. ಒಂದನ್ನು ಹೊರಗೆ ಹಾಕಿದರೆ ಗುಂಪು ಬಿಟ್ಟಿರದ ಐದು ತಾವಾಗಿಯೇ ಹಿಂದೆ ಬರುತ್ತವೆ. ಜಗತ್ತಿನಲ್ಲಿ ಒದೆ ತಪ್ಪಿಸಿಕೊಳ್ಳಲು ಯೋಜನೆ ಹಾಕಿದವರು ಬಹಳ ಮಂದಿ. ಒದೆ ತಿನ್ನಲು ಯೋಜನೆ ಹಾಕಿ, ಸಾಕ್ಷಿಗೆ ಗುಮಾಸ್ತನನ್ನೂ ಕರೆದುಕೊಂಡು ಹೊರಟವರು ಇವರೊಬ್ಬರೇ.

ಒಂಬತ್ತು ಗಂಟೆಗೆ ಅವರು ಸಭಾ ಡೇರೆಗೆ ಬಂದರು. ಲಾಯರಕ್ಕ ಹುಲ್ಲಿನ ಕಂತೆಗೆ ಒರಗಿ ಕೂತಿದ್ದಳು. ಅವಳ ಮುಖ ಬಾಡಿತ್ತು. ಅಜ್ಜಿಯ ಮೈ ಒಣಗಿತ್ತು, ನಡುಕ ನಿಂತಿತ್ತು. ಆದರೆ ತಲೆ ತಗ್ಗಿಸಿಕೊಂಡೇ ನಿಂತಿದ್ದಳು. ಹುಲ್ಲು ಮುಟ್ಟಿರಲಿಲ್ಲ.

"ಏನು ಸಾಹೇಬ್ರೆ, ಕೊಡೆ ಒಳಗ್ಯಾಕೆ? ಇಲ್ಲಿ ಸೋರಲ್ಲ."

"ತಪಾಸಣೆ" ಎಂದರು ಸಾಹೇಬರು. ಕಡತನ ಹಿಂದೆ ಒಂದು ಪಕ್ಕಕ್ಕೆ ನಿಂತು ಕೊಡೆಯ ತುದಿಯಿಂದ ಅವನ ತೊಡೆ ಚುಚ್ಚಿದರು. ಕಡತ ಹುಲ್ಲು ಜಗಿಯುತ್ತ ಹಾಗೆಯೇ ನಿಂತ. ಇನ್ನೊಮ್ಮೆ ಚುಚ್ಚಿದರು. ಕಡತ ಅವರ ಮೇಲೆ ಒರಗಿದ.

"ಅವನನ್ನ ಯಾರೂ ಇದುವರೆಗೆ ಅಲುಗಾಡಿಸಿಲ್ಲ ಸಾಹೇಬ್ರೆ. ಅದಕ್ಕೇ ಆ ಹೆಸರು."

ಗುಡುಗನ ಹಿಂದೆ ಹೋಗಿ ಸಾಹೇಬರು "ಧಡ್!" ಎಂದರು. ಗುಡುಗ ಹೆದರಿ ಮುಂದಕ್ಕೆ ಜರುಗಿ ಲಾಯರಕ್ಕನ ಸೆರಗಿನಲ್ಲಿ ಮೂತಿ ಮುಚ್ಚಿಕೊಂಡ. ಜೋಡಿ ಕುದುರೆಗಳು ಒಂದರ ಕುತ್ತಿಗೆ ಒಂದು ಕೆರೆಯುತ್ತಿದ್ದವು, ತಿರುಗಿಯೂ ನೋಡಲಿಲ್ಲ. ಮೌನಿ ಬಾಲವೆತ್ತಿ, ತನ್ನ ಅಭಿಪ್ರಾಯವನ್ನು ಮೌನವಾಗಿಯೇ ಹಲಗೆಯ ಮೇಲೆ ಬೀಳಿಸಿದ. ಬೆಚ್ಚಗಿರುವ, ಹೊಟ್ಟೆ ತುಂಬಿದ ಕುದುರೆಗೆ ಲೋಕದಲ್ಲಿ ಯಾರ ಮೇಲೂ ಹಗೆಯಿಲ್ಲ. ಕಾಲು ಕೆರೆದು ಜಗಳಕ್ಕೆ ಬಂದವರು ಆ ಡೇರೆಯಲ್ಲಿ ಸಾಹೇಬರೊಬ್ಬರೇ.

ಲಾಯರಕ್ಕನಿಗೆ ಈಗ ಅರ್ಥವಾಯಿತು. ಎದ್ದು ನಿಂತಳು. "ಒದೆ ಬೇಕಾಗಿತ್ತಾ? ಕುದುರೆನೇ ಆಗಬೇಕಾ?"

ಸಾಹೇಬರು ಕೊನೆಯ ಕುದುರೆಯ ಕಡೆ ತಿರುಗಿದರು. ಉಳಿದದ್ದು ಅಜ್ಜಿ.

"ಸಾಹೇಬ್ರೆ, ಅದರ ತಂಟೆಗೆ ಹೋಗಬೇಡಿ. ನಿನ್ನೆಯಿಂದ ಒಂದೆಳೆ ಹುಲ್ಲು ತಿಂದಿಲ್ಲ. ಕಾಲೆತ್ತೋಕೂ ಶಕ್ತಿಯಿಲ್ಲ ಅದಕ್ಕೆ." ಅವಳು ಅಡ್ಡ ಬರುವಷ್ಟರಲ್ಲಿ ಸಾಹೇಬರು ಕೈ ಚಾಚಿ ಕೊಡೆಯ ತುದಿಯನ್ನು ಅಜ್ಜಿಯ ಬಾಲದ ಬುಡಕ್ಕೆ ತಾಗಿಸಿಯೇಬಿಟ್ಟರು.

ಅಜ್ಜಿ ತಲೆ ಎತ್ತಿದಳು. ಕಿವಿ ಎರಡನ್ನೂ ಹಿಂದಕ್ಕೆ ಮಡಿಸಿದಳು. ಒಂದೇ ಒಂದು ಒದೆ. ಕೊಡೆ ಸಾಹೇಬರ ಕೈಬಿಟ್ಟು, ಡೇರೆಯ ಸೂರಿಗೆ ಬಡಿದು, ಕುರ್ಚಿಗಳ ರಾಶಿಯ ಮೇಲೆ ಬಿಚ್ಚಿಕೊಂಡು ಕೂತು ಅಧ್ಯಕ್ಷತೆ ವಹಿಸಿತು. ಅಜ್ಜಿ ಮೂಗಿನಲ್ಲಿ ಫುರ್ ಎಂದು, ತಲೆ ಬಗ್ಗಿಸಿ, ಒಂದು ತುಂಬು ಬಾಯಿ ಹುಲ್ಲು ಎತ್ತಿ ಜಗಿಯತೊಡಗಿದಳು.

"ಒದ್ದಳು!" ಎಂದು ಕಿರುಚಿದರು ಸಾಹೇಬರು.

"ಒದ್ದಳು!" ಎಂದು ಕಿರುಚಿದಳು ಲಾಯರಕ್ಕ. ಓಡಿಹೋಗಿ ಅಜ್ಜಿಯ ಕಿವಿಯ ಬುಡ ಹಿಡಿದಳು. ಬೆಚ್ಚಗಿತ್ತು. "ಭಾವಾ, ಬನ್ನಿ ಇಲ್ಲಿ! ನಮ್ಮಜ್ಜಿ ಒದ್ದಳು! ತಿಂತಿದ್ದಾಳೆ!" ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಅಜ್ಜಿಯ ಕುತ್ತಿಗೆಯ ಕೂದಲಿನಲ್ಲಿ ಮುಖ ಹುದುಗಿಸಿದ್ದರಿಂದ ಕಾಣಲಿಲ್ಲ.

"ಬರ್ಕೋ ಗುಮಾಸ್ತಾ! ಒಂಬತ್ತೂ ಇಪ್ಪತ್ತಕ್ಕೆ ಒದ್ದದ್ದು ಸಾಬೀತು! ಒದ್ದ ಕುದುರೆ! ನಲವತ್ತೆಂಟು! ಹೊರಗೆ!"

ಪರದೆಯ ಆಚೆ, ಗುಡ್ಡದ ಕೆಳಗಿನ ಕಾಲುದಾರಿಯಲ್ಲಿ ಏಳೆಂಟು ಕೊಡೆಗಳು ಮೇಲೆ ಹತ್ತಿ ಬರುತ್ತಿದ್ದವು. ನಿರ್ದೇಶಕರು ಹೊತ್ತಿಗೆ ಮೊದಲೇ ಬರುತ್ತಿದ್ದರು.

ಲಾಯರಕ್ಕ ಕೆನ್ನೆ ಒರೆಸಿಕೊಂಡು ತಿರುಗಿದಳು. "ಲೋ ತಮ್ಮಾ, ನಲವತ್ತೆಂಟು ಓದು. ನಿಧಾನಕ್ಕೆ, ನನ್ನ ಹಾಗೆ."

ಗುಮಾಸ್ತ ಕಂಬದ ಹತ್ತಿರ ಹೋಗಿ ಬೆರಳಿಟ್ಟು ಓದಿದ. "ಒದ್ದ... ಕುದುರೆಗಳನ್ನು... ಯಾವುದೇ... ಡೇರೆಯೊಳಗೆ... ಬಿಡತಕ್ಕದ್ದಲ್ಲ."

"ಒಳಗೆ ಬಿಡಬಾರದು. ಅಷ್ಟೇ ತಾನೇ? ನಾನು ಒಳಗೆ ಬಿಟ್ಟಾಗ ಅಜ್ಜಿ ಒದ್ದಿರಲಿಲ್ಲ. ಒದ್ದ ಮೇಲೆ ನಾನು ಒಳಗೆ ಬಿಟ್ಟಿಲ್ಲ. ಒಳಗಿದ್ದೋರನ್ನ ಹೊರಗೆ ಹಾಕಿ ಅಂತ ಎಲ್ಲಿ ಬರೆದಿದೆ, ತೋರಿಸಿ ಸಾಹೇಬ್ರೆ."

ಸಾಹೇಬರು ಬಾಯಿ ತೆರೆದರು. ಮೂರನೆಯ ಸುತ್ತೋಲೆ ನೆನಪಾಗಿ ಮುಚ್ಚಿದರು.

"ಇನ್ನೊಂದು" ಎಂದಳು ಲಾಯರಕ್ಕ, ಅಜ್ಜಿಯ ಮುಂದೆ ಇನ್ನಷ್ಟು ಹುಲ್ಲು ಹಾಕುತ್ತ. "ಈಗ ಇದನ್ನ ಹೊರಗೆ ಕರ್ಕೊಂಡು ಹೋದ್ರೆ, ಒದ್ದ ಕುದುರೆ ಅಲ್ವಾ, ಮತ್ತೆ ಒಳಗೆ ಬಿಡೋ ಹಾಗಿಲ್ಲ. ನಿಮ್ಮ ಸುತ್ತೋಲೆಗೆ ಅಷ್ಟು ಗೌರವ ಕೊಡಬೇಕು ಅಂದ್ರೆ ಏಳು ದಿನ ಹೊರಗೆ ಕರ್ಕೊಂಡು ಹೋಗದೇ ಇರೋದೇ ಸರಿ."

ಕೊಡೆಗಳು ದಿಬ್ಬ ಹತ್ತಿ ಬಾಗಿಲ ಹತ್ತಿರ ಬಂದವು. ಗುಮಾಸ್ತ ಪೆನ್ನು ಹಿಡಿದು, ಬಹಳ ವಿನಯದಿಂದ ಕೇಳಿದ: "ಸಾರ್, ನಿರ್ದೇಶಕರಿಗೆ ಕುರ್ಚಿ ಹೊರಗೆ ಹಾಕಿಸ್ಲಾ? ನೇರ ಸಾಲಿನಲ್ಲಿ, ಸಮಾನ ಅಂತರದಲ್ಲಿ?"